ಟಿಎಸ್‌ಎಚ್ ನಾರ್ಮಲ್, ಆದರೂ ಥೈರಾಯ್ಡ್ ಕ್ಯಾನ್ಸರ್?

ಪ್ರಶ್ನೆ: ನನಗೆ 46 ವರ್ಷ. ಯಾವ ತೊಂದರೆಯೂ ಇರಲಿಲ್ಲ. ಸುಮ್ನೆ ಮಾಡಿಸಿದ ಹೆಲ್ತ್ ಚೆಕಪ್‌ನಲ್ಲಿ ಸಿಇಎ (ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದಲ್ಲಿ ಏರುವ ಪ್ರೋಟೀನ್) 18 ಬಂತು, ಅಂದರೆ ಜಾಸ್ತಿ. ಕೊಲೊನೋಸ್ಕೋಪಿ ಮಾಡಿದರು, ಏನೂ ಸಿಗಲಿಲ್ಲ. ಆಮೇಲೆ ಕತ್ತಿನ ಸ್ಕ್ಯಾನ್‌ನಲ್ಲಿ ಥೈರಾಯ್ಡ್ ಗಂಟು ಕಂಡಿತು. ಕ್ಯಾಲ್ಸಿಟೋನಿನ್ ಕೂಡ ತುಂಬಾ ಜಾಸ್ತಿ ಇದೆ. ಸೂಜಿ ಪರೀಕ್ಷೆಯಲ್ಲಿ ಮೆಡ್ಯುಲರಿ ಥೈರಾಯ್ಡ್ ಕ್ಯಾನ್ಸರ್ ಎಂದು ಬಂದಿದೆ. ಆದರೆ ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಎಂದು ನೋಡುವ ರಕ್ತಪರೀಕ್ಷೆ ಟಿಎಸ್‌ಎಚ್ ನಾರ್ಮಲ್! ಆಪರೇಷನ್ ಬೇಡ, ರೇಡಿಯೋ ಅಯೋಡಿನ್ ಸಾಕು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಇಬ್ಬರು ಮಕ್ಕಳಿದ್ದಾರೆ, ಅವರದ್ದೂ ಚಿಂತೆ. ಏನು ಮಾಡಲಿ?

ಉತ್ತರ: ಪರಿಚಿತರ ಸಲಹೆಯನ್ನು ಬಿಟ್ಟುಬಿಡಿ. ಈ ಕ್ಯಾನ್ಸರ್‌ಗೆ ರೇಡಿಯೋ ಅಯೋಡಿನ್ ಕೆಲಸ ಮಾಡುವುದಿಲ್ಲ. ಅಯೋಡಿನ್ ಹೀರಿಕೊಳ್ಳುವುದು ಥೈರಾಯ್ಡ್ ಹಾರ್ಮೋನ್ ತಯಾರಿಸುವ ಜೀವಕೋಶಗಳು. ನಿಮ್ಮ ಗಂಟು ಹುಟ್ಟಿರುವುದು ಅವುಗಳ ನಡುವೆ ಇರುವ ಸಿ ಕೋಶಗಳಲ್ಲಿ. ಇವು ಅಯೋಡಿನ್ ಮುಟ್ಟುವುದಿಲ್ಲ. ಕ್ಯಾಲ್ಸಿಟೋನಿನ್ ತಯಾರಿಸುತ್ತವೆ, ಕ್ಯಾನ್ಸರ್ ಆದಾಗ ಸಿಇಎಯನ್ನೂ ರಕ್ತಕ್ಕೆ ಬಿಡುತ್ತವೆ. ಹಾರ್ಮೋನ್ ಕೋಶಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತಿವೆ, ಹಾಗಾಗಿ ಟಿಎಸ್‌ಎಚ್ ಬದಲಾಗಿಲ್ಲ.

ಸಿಇಎ ಅಂದರೆ ಮೊದಲು ಕರುಳಿನ ಮೇಲೇ ಅನುಮಾನ. 1965ರಲ್ಲಿ ಅದನ್ನು ಗುರುತಿಸಿದ್ದೂ ಕರುಳಿನ ಕ್ಯಾನ್ಸರ್‌ನಲ್ಲೇ. ಅಲ್ಲಿಗೇ ನಿಲ್ಲಿಸದೆ ಕತ್ತನ್ನೂ ನೋಡಿದ ನಿಮ್ಮ ವೈದ್ಯರು ಮೆಚ್ಚುವ ಕೆಲಸ ಮಾಡಿದ್ದಾರೆ. (ಇದನ್ನು ಓದಿ ಉಳಿದವರು ಸಿಇಎ ಮಾಡಿಸಲು ಓಡಬೇಡಿ. ಸಿಗರೇಟು, ಲಿವರ್ ತೊಂದರೆ, ಕರುಳಿನ ಉರಿಯೂತದಿಂದಲೂ ಅದು ಏರುತ್ತದೆ. ಆರೋಗ್ಯವಾಗಿರುವವರಲ್ಲಿ ಕ್ಯಾನ್ಸರ್ ಹುಡುಕಲು ಅದು ತಕ್ಕ ಪರೀಕ್ಷೆಯಲ್ಲ.)

ನಿಮಗೆ ಆಪರೇಷನ್ನೇ ಮುಖ್ಯ ಚಿಕಿತ್ಸೆ. ಸಾಮಾನ್ಯವಾಗಿ ಇಡೀ ಥೈರಾಯ್ಡ್ ಜೊತೆಗೆ ಹತ್ತಿರದ ಲಿಂಫ್ ಗ್ರಂಥಿಗಳನ್ನೂ ತೆಗೆಯುತ್ತಾರೆ. ಧ್ವನಿಯ ನರ ಅಲ್ಲೇ ಪಕ್ಕದಲ್ಲಿದೆ, ಆದ್ದರಿಂದ ಇಂಥ ಆಪರೇಷನ್ ಪದೇ ಪದೇ ಮಾಡಿ ಕೈ ಪಳಗಿದ ಸರ್ಜನ್ ಹತ್ತಿರವೇ ಹೋಗಿ. ಆಮೇಲೆ ಥೈರಾಯ್ಡ್ ಹಾರ್ಮೋನ್‌ಗೆ ಬದಲಾಗಿ ಥೈರಾಕ್ಸಿನ್ ಮಾತ್ರೆ ಜೀವನಪೂರ್ತಿ.

ಆದರೆ ದಿನಾಂಕ ಗೊತ್ತುಮಾಡುವ ಮುನ್ನ ಎರಡು ಪರೀಕ್ಷೆ ಆಗಿದೆಯಾ ಎಂದು ಕೇಳಲೇಬೇಕು. ಮೊದಲನೆಯದು ಮೆಟಾನೆಫ್ರಿನ್, ಅಂದರೆ ಅಡ್ರಿನಲ್ ಗಡ್ಡೆ ಇದೆಯಾ ಎಂದು ತಿಳಿಯಲು ಮಾಡುವ ರಕ್ತ ಅಥವಾ ಮೂತ್ರ ಪರೀಕ್ಷೆ. ಇದೇ ಕಾಯಿಲೆಯ ಜೊತೆ ಕೆಲವರಿಗೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೂ ಗಡ್ಡೆ ಇರುತ್ತದೆ. ಅದು ಗೊತ್ತಿಲ್ಲದೆ ಅರಿವಳಿಕೆ ಕೊಟ್ಟರೆ ಬಿಪಿ ವಿಪರೀತ ಏರಿ ಜೀವಕ್ಕೇ ಅಪಾಯ. ಇದ್ದರೆ ಮೊದಲು ಅದನ್ನೇ ತೆಗೆಯಬೇಕು.

ಇನ್ನೊಂದು ಆರ್‌ಇಟಿ ಜೀನ್ ಪರೀಕ್ಷೆ. ಮನೆಯಲ್ಲಿ ಯಾರಿಗೂ ಇಲ್ಲವಲ್ಲ ಅಂತ ಬಿಡಬೇಡಿ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಆ ಜೀನ್‌ನ ದೋಷದ ಮೂಲಕ ವಂಶದಿಂದ ಬಂದಿರುತ್ತದೆ. ದೋಷ ಸಿಗದಿದ್ದರೆ ಮಕ್ಕಳ ಬಗ್ಗೆ ಬಹುಮಟ್ಟಿಗೆ ನಿರಾಳವಾಗಿರಬಹುದು. ಸಿಕ್ಕರೆ ಪ್ರತಿ ಮಗುವಿಗೂ ಅದು ಹೋಗಿರುವ ಸಾಧ್ಯತೆ ಶೇ 50. ಆಗ ಇಬ್ಬರಿಗೂ, ನಿಮ್ಮ ಒಡಹುಟ್ಟಿದವರಿಗೂ ಅದೇ ರಕ್ತಪರೀಕ್ಷೆ ಮಾಡಿಸಿ. ದೋಷ ಇರುವ ಮಕ್ಕಳಿಗೆ ಕ್ಯಾನ್ಸರ್ ಶುರುವಾಗುವ ಮೊದಲೇ ಥೈರಾಯ್ಡ್ ತೆಗೆಯಬಹುದು. ಯಾವ ವಯಸ್ಸಿನಲ್ಲಿ ಎಂಬುದು ದೋಷದ ಬಗೆಯ ಮೇಲಿದೆ.