ಸೊಂಟ ನೋವಿಗೆ ಮೆಮೊರಿ ಫೋಮ್ ಟಾಪರ್ ತಗೋಬಹುದಾ? ಎಷ್ಟು ಇಂಚಿನದು?

ನಿಮ್ಮ ಹಾಸಿಗೆಗೆ ಏಳೆಂಟು ವರ್ಷ ಆಗಿದೆ, ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಂಡಿರುತ್ತದೆ, ಹೊಸ ಹಾಸಿಗೆಗೆ ದುಡ್ಡು ಸುರಿಯುವ ಬದಲು ಮೇಲೊಂದು ಮೆಮೊರಿ ಫೋಮ್ ಟಾಪರ್ (ಮೈಶಾಖಕ್ಕೆ ಮೆತ್ತಗಾಗುವ ಫೋಮಿನ ಪದರ) ಹಾಸಿದರೆ ಸಾಲದೇ, 2 ಇಂಚಿನದು ಸಾಕಾ, 4 ಇಂಚಿನದೇ ಬೇಕಾ ಅಂತ ಕೇಳಿದ್ದೀರಿ. ಇಂಚಿನ ಮಾತು ಆಮೇಲೆ. ಮೊದಲು ಬೆಡ್‌ಶೀಟ್ ತೆಗೆದುಹಾಕಿ. ಒಂದು ಉದ್ದನೆಯ ನೇರ ಕೋಲು ತಗೊಂಡು (ನೆಲ ಒರೆಸುವ ಮಾಪಿನ ಹಿಡಿಯಾದರೂ ಆದೀತು) ನೀವು ಮಲಗುವ ಜಾಗದಲ್ಲಿ, ಸೊಂಟ ಬರುವ ಕಡೆ ಅಡ್ಡಲಾಗಿ ಇಡಿ. ಕೋಲಿಗೂ ಹಾಸಿಗೆಗೂ ನಡುವೆ ಬೆರಳು ತೂರಿಸಿ ನೋಡಿ. ಒಂದು ಬೆರಳು ಬಿಗಿಯಾಗಿ ಹೋದರೆ ಪರವಾಗಿಲ್ಲ. ಎರಡು ಬೆರಳು ಒಂದರ ಮೇಲೊಂದು ಇಟ್ಟರೂ ಸಲೀಸಾಗಿ ಹೋಗುತ್ತಿದ್ದರೆ, ಅಂದರೆ ಇಂಚಿಗಿಂತ ಹೆಚ್ಚು ತಗ್ಗು ಬಿದ್ದಿದ್ದರೆ, ಟಾಪರ್ ಆಸೆ ಬಿಡಿ.

ಯಾಕೆಂದರೆ ಫೋಮಿಗೆ ತನ್ನದೇ ಆದ ಬಿಗುವಿಲ್ಲ. ಕೆಳಗೆ ಏನಿದೆಯೋ ಅದರ ಆಕಾರಕ್ಕೇ ಬಗ್ಗಿ ಕೂರುತ್ತದೆ. ಹೊಂಡ ಬಿದ್ದ ರಸ್ತೆಗೆ ಜಮಖಾನ ಹಾಸಿದ ಹಾಗೆ. ದೇಹದಲ್ಲಿ ಹೆಚ್ಚು ಭಾರ ಇರುವುದೇ ಸೊಂಟದ ಭಾಗದಲ್ಲಿ. ತಗ್ಗು ಬಿದ್ದಿರುವುದೂ ಅಲ್ಲೇ. ಮೇಲೆ ಮೆತ್ತನೆಯದು ಸೇರಿಸಿದರೆ ಸೊಂಟ ಇನ್ನಷ್ಟು ಕೆಳಗಿಳಿದು, ಬೆನ್ನೆಲುಬು ರಾತ್ರಿಯಿಡೀ ಬಾಗಿಯೇ ಇರುತ್ತದೆ. ಮೊದಲೆರಡು ದಿನ ಹಾಯೆನಿಸಬಹುದು, ಆಮೇಲೆ ಅದೇ ಕಥೆ. ಕೆಲವೊಮ್ಮೆ ತಗ್ಗು ಹಾಸಿಗೆಯದ್ದಾಗಿರದೆ ಮಂಚದ ಹಲಗೆಯದ್ದಾಗಿರುತ್ತದೆ. ಹಾಸಿಗೆಯನ್ನು ನೆಲಕ್ಕೆ ಇಳಿಸಿ ಮತ್ತೆ ಕೋಲಿಟ್ಟು ನೋಡಿದರೆ ಅದೂ ತಿಳಿಯುತ್ತದೆ. ಹಲಗೆಯೇ ಕುಸಿದಿದ್ದರೆ ಒಂದು ಪ್ಲೈವುಡ್ ಹಾಕಿಸಿ, ಟಾಪರಿಗಿಂತ ಅಗ್ಗದಲ್ಲಿ ಕೆಲಸ ಮುಗಿಯುತ್ತದೆ.

ಹಾಸಿಗೆ ಸಮವಾಗಿದೆ, ಆದರೆ ಕಲ್ಲಿನಂತೆ ಗಟ್ಟಿ. ಮಗ್ಗುಲಲ್ಲಿ ಮಲಗಿದರೆ ಭುಜ, ಸೊಂಟದ ಮೂಳೆ ಒತ್ತಿ ನೋಯುತ್ತದೆ. ಅಂಗಾತ ಮಲಗಿದರೆ ಸೊಂಟದ ಕೆಳಗೆ ಕೈ ತೂರಿಸುವಷ್ಟು ಜಾಗ ಖಾಲಿ. ಟಾಪರ್ ಇರುವುದು ಈ ತೊಂದರೆಗೆ. ನಿಮ್ಮದು ಇದೇನಾ ಅಂತ ಖರ್ಚಿಲ್ಲದೆ ತಿಳಿಯಬೇಕೆಂದರೆ ಎರಡು ದಪ್ಪ ರಜಾಯಿಗಳನ್ನು ಮಡಿಸಿ ಹಾಸಿಗೆಯ ಮೇಲೆ ಉದ್ದಕ್ಕೂ ಹಾಸಿ, ಮೂರ್ನಾಲ್ಕು ರಾತ್ರಿ ಮಲಗಿ. ಬೆಳಗಿನ ನೋವು ಕಮ್ಮಿಯಾದರೆ ಗಟ್ಟಿತನವೇ ಕಾರಣ, ಟಾಪರ್ ಹುಡುಕಬಹುದು. ಏನೂ ವ್ಯತ್ಯಾಸವಾಗದಿದ್ದರೆ ಹುಡುಕುವ ಮೊದಲು ಯೋಚಿಸಿ.

"ಬೆನ್ನು ನೋವಿದ್ದವರು ಗಟ್ಟಿ ಹಾಸಿಗೆಯಲ್ಲೇ ಮಲಗಬೇಕು" ಅನ್ನುವವರು ಎಲ್ಲ ಕಡೆಯೂ ಸಿಗುತ್ತಾರೆ. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಸ್ಪೇನ್ ದೇಶದ ಒಂದು ಅಧ್ಯಯನ ಬಂದಿತ್ತು. ಬಹುಕಾಲದಿಂದ ಕೆಳಬೆನ್ನಿನ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು, ಯಾರಿಗೆ ಯಾವುದು ಅಂತ ಹೇಳದೆ 90 ದಿನ ನೋಡಿದರು. ಮಧ್ಯಮದಲ್ಲಿ ಮಲಗಿದವರ ನೋವೇ ಹೆಚ್ಚು ಇಳಿದಿತ್ತು. ಅದು ಹಾಸಿಗೆಯ ಮೇಲಿನ ಅಧ್ಯಯನ, ಟಾಪರಿನದ್ದಲ್ಲ. ಅದನ್ನೇ ತೋರಿಸಿ ಟಾಪರ್ ಮಾರುವವರನ್ನು ನಾನು ನಂಬುವುದಿಲ್ಲ. ಆದರೆ ಗಟ್ಟಿಯೇ ಒಳ್ಳೆಯದು ಎಂಬ ಮಾತಿಗೆ ಅದು ಸಾಕಷ್ಟು ಉತ್ತರ.

ಇನ್ನು ನೋವಿನ ಬಗ್ಗೆ. ಎದ್ದು ಸ್ವಲ್ಪ ಓಡಾಡಿದ ಕೂಡಲೇ ಬಿಟ್ಟುಕೊಳ್ಳುವ ನೋವಾದರೆ, ಬೇರೆ ಕಡೆ ಹೋಗಿ ಮಲಗಿದಾಗ ಇರದಿದ್ದರೆ, ಹಾಸಿಗೆಯನ್ನು ದೂರಬಹುದು. ದಿನವಿಡೀ ಕೂತರೆ ಹೆಚ್ಚಾಗಿ, ಮಲಗಿದರೆ ಕಮ್ಮಿಯಾಗುವ ನೋವಿಗೆ ಹಾಸಿಗೆಗಿಂತ ಕುರ್ಚಿಯ ಪಾಲೇ ದೊಡ್ಡದು. ಇದಕ್ಕೆ ತಿರುಗಾಮುರುಗಾ ಇನ್ನೊಂದಿದೆ: ರಾತ್ರಿಯ ಎರಡನೇ ಅರ್ಧದಲ್ಲಿ ನೋವಿಗೆ ಎಚ್ಚರವಾಗುವುದು, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬೆನ್ನು ಬಿಗಿದಿರುವುದು, ವಿಶ್ರಾಂತಿಯಿಂದ ಕಮ್ಮಿಯಾಗದೆ ಓಡಾಟದಿಂದಲೇ ಕಮ್ಮಿಯಾಗುವುದು. ವಯಸ್ಸು ನಲವತ್ತರೊಳಗಿದ್ದು ಹೀಗೆ ತಿಂಗಳುಗಟ್ಟಲೆ ನಡೆದಿದ್ದರೆ ಅದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಂಥ ಉರಿಯೂತದ ಕಾಯಿಲೆ ಇರಬಹುದು. ಕೀಲುವಾತದ ತಜ್ಞರನ್ನು ನೋಡಿ, ಫೋಮ್ ಬದಲಾಯಿಸುತ್ತಾ ವರ್ಷ ಕಳೆಯಬೇಡಿ. ಕಾಲಿಗೆ ಶಕ್ತಿ ಕುಂದುತ್ತಿದ್ದರೆ, ತೊಡೆಸಂದಿಯಲ್ಲಿ ಮರಗಟ್ಟಿದಂತಾದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ದಾಟಿಯೂ ಟಾಪರೇ ಬೇಕು ಅಂತಾದರೆ, ನೋಡಬೇಕಾದ ಮೊದಲ ಸಂಗತಿ ದಪ್ಪವಲ್ಲ, ಸಾಂದ್ರತೆ. ಡೆನ್ಸಿಟಿ ಅಂತ ಬರೆದಿರುತ್ತಾರೆ, ಅಥವಾ ಬೇಕೆಂದೇ ಬರೆದಿರುವುದಿಲ್ಲ. ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಎಂಬುದೇ ಅದು. 48ಕ್ಕಿಂತ ಕೆಳಗಿನದು ಕಡಿಮೆ, 48ರಿಂದ 80 ಮಧ್ಯಮ, ಅದರ ಮೇಲಿನದು ಹೆಚ್ಚು ಅಂತ ಸಾಮಾನ್ಯವಾಗಿ ಎಣಿಸುತ್ತಾರೆ. ಕಡಿಮೆ ಸಾಂದ್ರತೆಯ ಫೋಮ್ ಮೊದಲ ದಿನ ಮೆತ್ತಗೆ ಚೆನ್ನಾಗೇ ಇರುತ್ತದೆ, ಆದರೆ ಭಾರ ಬೀಳುವ ಕಡೆ ಬೇಗ ಜೀವ ಕಳೆದುಕೊಂಡು ತಳಕ್ಕೆ ತಾಗುತ್ತದೆ. ಸೊಂಟ ನೋವಿಗೆ ಅಂತ ಕೊಳ್ಳುವಾಗ 50ಕ್ಕಿಂತ ಕೆಳಗಿನದನ್ನು ನಾನು ಮುಟ್ಟುವುದಿಲ್ಲ, 60ರ ಆಸುಪಾಸಿನದು ಸಿಕ್ಕರೆ ಸಾಕೆನ್ನುತ್ತೇನೆ.

ಅಂಕಿ ಕೊಟ್ಟಿರದಿದ್ದರೂ ನೀವೇ ಲೆಕ್ಕ ಹಾಕಬಹುದು, ಪೆಟ್ಟಿಗೆಯ ತೂಕ ಸಾಮಾನ್ಯವಾಗಿ ಎಲ್ಲಾದರೂ ಬರೆದಿರುತ್ತದೆ. ಉದಾಹರಣೆಗೆ 150 ಸೆಂ.ಮೀ. ಅಗಲ, 200 ಸೆಂ.ಮೀ. ಉದ್ದ, 3 ಇಂಚು ದಪ್ಪದ ಟಾಪರ್. ಮೂರಿಂಚು ಅಂದರೆ ಸುಮಾರು 7.5 ಸೆಂ.ಮೀ. ಎಲ್ಲವನ್ನೂ ಮೀಟರಿಗೆ ತಂದು ಗುಣಿಸಿ: 1.5 × 2 × 0.075, ಅಂದರೆ 0.225 ಘನ ಮೀಟರ್. ಸಾಂದ್ರತೆ 50 ಇದ್ದರೆ ಅದರ ತೂಕ 11 ಕೆಜಿ ಚಿಲ್ಲರೆ ಇರಬೇಕು. 80 ಇದ್ದರೆ 18 ಕೆಜಿ. ಜಾಹೀರಾತಿನಲ್ಲಿ "ಅತ್ಯುತ್ತಮ ಹೈ ಡೆನ್ಸಿಟಿ" ಅಂತ ಕೊಚ್ಚಿಕೊಂಡು ಕೆಳಗೆ ತೂಕ 6 ಕೆಜಿ ಅಂತಿದ್ದರೆ ಸಾಂದ್ರತೆ 27ರ ಹತ್ತಿರ ಬಂತು. ಅದರಲ್ಲೂ ಕವರಿನ ತೂಕ ಸೇರಿದೆ! ಮೊಟ್ಟೆ ಟ್ರೇಯಂತೆ ಉಬ್ಬುತಗ್ಗು ಇರುವ ಫೋಮಿಗೆ ಈ ಲೆಕ್ಕ ಸರಿಯಾಗಿ ಹೊಂದುವುದಿಲ್ಲ, ಏಕೆಂದರೆ ಉಬ್ಬಿನ ತುದಿಗೆ ದಪ್ಪ ಅಳೆದು 3 ಇಂಚು ಅನ್ನುತ್ತಾರೆ, ನಡುವೆ ಇರುವುದು ಬರೀ ಗಾಳಿ. ಬೆನ್ನಿಗಾಗಿ ಕೊಳ್ಳುವಾಗ ಸಪಾಟಾದ ಫೋಮೇ ಇರಲಿ.

ಸಾಂದ್ರತೆ ಬೇರೆ, ಗಟ್ಟಿತನ ಬೇರೆ. ಸಾಂದ್ರತೆ ಹೆಚ್ಚಿದ್ದೂ ಮೆತ್ತಗಿರುವ ಫೋಮ್ ಇದೆ. ಗಟ್ಟಿತನವನ್ನು ಕೆಲವರು ಐಎಲ್‌ಡಿ ಎಂಬ ಅಂಕಿಯಲ್ಲಿ ಕೊಡುತ್ತಾರೆ: ಫೋಮನ್ನು ಅದರ ದಪ್ಪದ ಕಾಲುಭಾಗ ಒಳಕ್ಕೆ ಒತ್ತಲು ಎಷ್ಟು ಬಲ ಬೇಕು ಎಂಬ ಅಳತೆ. ಅಂಕಿ ದೊಡ್ಡದಾದಷ್ಟೂ ಗಟ್ಟಿ. ಆ ಅಂಕಿ ಇಲ್ಲದಿದ್ದರೆ ಮಲಗಿಯೇ ನೋಡಬೇಕು, ಬೆರಳಲ್ಲಿ ಒತ್ತಿ ನೋಡಿ ಪ್ರಯೋಜನವಿಲ್ಲ. ಮೆಮೊರಿ ಫೋಮ್ ಮೆತ್ತಗಾಗುವುದು ಮೈಶಾಖದಿಂದ. ಚಳಿ ಇರುವ ಕೋಣೆಯಲ್ಲಿ ಮೊದಮೊದಲು ಗಟ್ಟಿಯೇ ಇದ್ದು, ಮಲಗಿದ ಮೇಲೆ ನಿಧಾನವಾಗಿ ಮೈಗೆ ಹೊಂದಿಕೊಳ್ಳುತ್ತದೆ. ಅಂಗಡಿಯಲ್ಲಾದರೆ ಚಪ್ಪಲಿ ಬಿಚ್ಚಿ, ನೀವು ಮಾಮೂಲಿ ಮಲಗುವ ಭಂಗಿಯಲ್ಲೇ ಕಾಲು ಗಂಟೆ ಮಲಗಿ. ಮಾರುವವರ ಮುಖ ನೋಡಿ ನಾಚಿಕೊಂಡು ಎದ್ದುಬಿಡಬೇಡಿ, ನೋವು ನಿಮ್ಮದು.

ಅಂದ ಹಾಗೆ, ಇದು "ನಾಸಾ ತಂತ್ರಜ್ಞಾನ" ಅನ್ನುವುದು ಸುಳ್ಳಲ್ಲ. 1966ರಲ್ಲಿ ನಾಸಾದ ಏಮ್ಸ್ ಸಂಶೋಧನಾ ಕೇಂದ್ರಕ್ಕಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ಈ ಫೋಮನ್ನು ರೂಪಿಸಿದರು. ಆದರೆ ಅದು ವಿಮಾನದ ಸೀಟುಗಳಿಗೆ, ಅಪಘಾತದ ಹೊಡೆತ ತಾಳಿಕೊಳ್ಳಲಿ ಅಂತ. ಸೊಂಟ ನೋವಿನ ಚಿಂತೆ ಅವರಿಗೆ ಇರಲಿಲ್ಲ.

ಈಗ ಇಂಚು. ಮಗ್ಗುಲಲ್ಲಿ ಮಲಗುವವರಿಗೆ 3 ಇಂಚು ಸರಿ, ಭುಜ ಮತ್ತು ಸೊಂಟ ಒಳಗಿಳಿಯಲು ಅಷ್ಟು ಆಳ ಬೇಕು. ಅಂಗಾತ ಮಲಗುವವರಿಗೆ 2 ಇಂಚು ಸಾಕು. ಬೋರಲು ಮಲಗುವವರಿಗೆ ನನ್ನ ಕೇಳಿದರೆ ಟಾಪರೇ ಬೇಡ. ಹೊಟ್ಟೆ, ಸೊಂಟ ಒಳಕ್ಕೆ ಇಳಿದು ಕೆಳಬೆನ್ನು ಬಿಲ್ಲಿನಂತಾಗುತ್ತದೆ. ಐವತ್ತು ಕೆಜಿಯ ಸುತ್ತಮುತ್ತ ತೂಗುವವರು ದಪ್ಪ ಟಾಪರಿನಲ್ಲಿ ಪೂರ್ತಿ ಇಳಿಯುವುದೇ ಇಲ್ಲ, ಹೆಚ್ಚಿನ ಇಂಚಿಗೆ ಕೊಟ್ಟ ದುಡ್ಡು ದಂಡ. ತೊಂಬತ್ತು ಕೆಜಿ ದಾಟಿದವರಿಗೆ ದಪ್ಪಕ್ಕಿಂತ ಮೊದಲು ಸಾಂದ್ರತೆ ಹೆಚ್ಚಿಸಬೇಕು. 4 ಇಂಚಿನದರ ಬಗ್ಗೆ ನನಗೆ ಅನುಮಾನವೇ. ಮೆಮೊರಿ ಫೋಮ್ ಒತ್ತಿದ ಮೇಲೆ ಮೇಲೇಳುವುದು ನಿಧಾನ. ಮಗ್ಗುಲು ಬದಲಿಸುವಾಗ ನಾವೇ ಮಾಡಿಕೊಂಡ ಗುಳಿಯಿಂದ ನಾವೇ ಹತ್ತಿ ಬರಬೇಕು. ಸೊಂಟ ಉಳುಕಿರುವ ದಿನ ಇದು ಎಂಥ ಹಿಂಸೆ ಅನ್ನುವುದು ಅನುಭವಿಸಿದವರಿಗೆ ಗೊತ್ತು. ಮಗ್ಗುಲು ತಿರುಗಲು ಈಗಾಗಲೇ ಕಷ್ಟಪಡುವವರು, ರಾತ್ರಿ ಸೆಕೆಗೆ ಎದ್ದು ಕೂರುವವರು ಲೇಟೆಕ್ಸ್ (ರಬ್ಬರ್) ಟಾಪರ್ ನೋಡಿ. ಅದು ಪುಟಿಯುತ್ತದೆ, ಅಷ್ಟು ಬಿಸಿಯೂ ಹಿಡಿಯುವುದಿಲ್ಲ, ಭಾರ ಮಾತ್ರ ಜಾಸ್ತಿ. "ಕೂಲಿಂಗ್ ಜೆಲ್" ಬೆರೆಸಿದ ಮೆಮೊರಿ ಫೋಮ್ ಮಲಗಿದ ಕ್ಷಣ ತಣ್ಣಗಿರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮೈಯಷ್ಟೇ ಬಿಸಿಯಾಗುತ್ತದೆ. ಅದಕ್ಕಾಗಿ ಹೆಚ್ಚು ದುಡ್ಡು ಕೊಡುವುದು ನಿಮ್ಮಿಷ್ಟ.

ಸರ್ಟಿಪುರ್-ಯುಎಸ್, ಓಕೋ-ಟೆಕ್ಸ್ ಎಂಬ ಮುದ್ರೆಗಳಿದ್ದರೆ ಒಳ್ಳೆಯದು. ಅವು ಹೇಳುವುದು ಹಾನಿಕಾರಕ ರಾಸಾಯನಿಕಗಳ ಮಿತಿಯ ಬಗ್ಗೆ, ಬೆನ್ನಿನ ಬಗ್ಗೆಯಲ್ಲ. ಪ್ಯಾಕೆಟ್ ಬಿಚ್ಚಿದಾಗ ವಾಸನೆ ಬರುತ್ತದೆ. ಗಾಳಿಯಾಡುವ ಕೋಣೆಯಲ್ಲಿ ಎರಡು ಮೂರು ದಿನ ಹರಡಿಡಿ, ಅಷ್ಟರಲ್ಲಿ ಸುರುಳಿಯಿಂದ ಬಿಡಿಸಿಕೊಂಡು ಪೂರ್ತಿ ದಪ್ಪಕ್ಕೂ ಬರುತ್ತದೆ. ಬಿಸಿಲಿಗೆ ಹಾಕಬೇಡಿ, ಒಗೆಯಬೇಡಿ. ಒಳಗೆ ಹೊಕ್ಕ ನೀರು ಸುಲಭಕ್ಕೆ ಆಚೆ ಬರುವುದಿಲ್ಲ. ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಹಾಕಿದರೆ ಫೋಮ್ ಮೈಗೆ ಹೊಂದುವುದೇ ತಪ್ಪುತ್ತದೆ, ತೆಳುವಾದದ್ದು ಹಾಕಿ. ಮನೆಯಲ್ಲಿ ಹಸುಗೂಸು ಇದ್ದರೆ ಮಗುವನ್ನು ಟಾಪರಿನ ಮೇಲೆ ಯಾವತ್ತೂ ಮಲಗಿಸಬಾರದು, ಉಸಿರು ಕಟ್ಟುವ ಅಪಾಯವಿದೆ. ಬಿಚ್ಚಿದ ಟಾಪರನ್ನು ಮತ್ತೆ ಆ ಪೆಟ್ಟಿಗೆಗೆ ತುರುಕಲು ಆಗುವುದಿಲ್ಲ, ಹಾಗಾಗಿ ಬಳಸಿದ ಮೇಲೂ ವಾಪಸ್ ತಗೊಳ್ಳುತ್ತಾರಾ, ಎಷ್ಟು ದಿನದೊಳಗೆ, ಸಾಗಿಸುವ ಖರ್ಚು ಯಾರದು ಅಂತ ಕೊಳ್ಳುವ ಮೊದಲೇ ಓದಿಕೊಳ್ಳಿ.

ಹಾಸಿದ ಮೇಲೆ ಬಹಳ ಜನ ಮರೆಯುವುದು ದಿಂಬನ್ನು. ಮಗ್ಗುಲಲ್ಲಿ ಮಲಗಿದಾಗ ಭುಜ ಈಗ ಒಂದಿಂಚೋ ಒಂದೂವರೆ ಇಂಚೋ ಒಳಗಿಳಿಯುತ್ತದೆ, ಅಂದರೆ ಕಿವಿಗೂ ಹಾಸಿಗೆಗೂ ನಡುವಿನ ಅಂತರ ಅಷ್ಟು ಕಮ್ಮಿಯಾಯಿತು. ಹಳೇ ದಿಂಬು ತಾನಾಗಿಯೇ ಎತ್ತರವಾಗಿಬಿಡುತ್ತದೆ, ಕತ್ತು ಮೇಲಕ್ಕೆ ವಾಲುತ್ತದೆ. ಸೊಂಟ ನೋವು ಹೋಗಿ ಕತ್ತು ನೋವು ಬಂತು ಅಂತ ಟಾಪರನ್ನು ಬೈಯುವವರಲ್ಲಿ ಬಹಳಷ್ಟು ಮಂದಿಗೆ ಬೇಕಿರುವುದು ತೆಳ್ಳನೆಯ ದಿಂಬು ಅಷ್ಟೇ. ಮಗ್ಗುಲಲ್ಲಿ ಮಲಗುವಾಗ ಮೊಣಕಾಲುಗಳ ನಡುವೆ, ಅಂಗಾತ ಮಲಗುವಾಗ ಮೊಣಕಾಲಿನ ಕೆಳಗೆ ಇನ್ನೊಂದು ದಿಂಬು ಇಟ್ಟುಕೊಳ್ಳಿ. ಇದನ್ನು ಟಾಪರ್ ಕೊಳ್ಳುವ ಮೊದಲೇ, ಇವತ್ತು ರಾತ್ರಿಯೇ ಮಾಡಬಹುದು. ಹೊಸ ಟಾಪರಿಗೆ ಎರಡು ಮೂರು ವಾರ ಸಮಯ ಕೊಡಿ. ಆದರೆ ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ "ಒಗ್ಗುತ್ತದೆ" ಅಂತ ಹಲ್ಲುಕಚ್ಚಿ ಕಾಯಬೇಡಿ.

ಮಂಚದಲ್ಲಿ ಇನ್ನೊಬ್ಬರಿದ್ದರೆ ಅವರನ್ನೂ ಕೇಳಿ. ನಾನು ಮಗ್ಗುಲಲ್ಲಿ ಮಲಗುವವಳು, ನಮ್ಮೆಜಮಾನರು ಬೋರಲು. ನನ್ನ ಸೊಂಟಕ್ಕೆ ಹಿತವಾದ ಟಾಪರಿನಲ್ಲಿ ಅವರಿಗೆ ಬೆನ್ನು ಹಿಡಿಯಿತು. ಕೊನೆಗೆ ಇಡೀ ಮಂಚಕ್ಕೆ ಒಂದೇ ಹಾಸುವುದು ಬಿಟ್ಟೆವು. ನನ್ನ ಕಡೆಗೆ ಒಬ್ಬರ ಅಗಲದ 3 ಇಂಚಿನ ಮೆಮೊರಿ ಫೋಮ್, ಅವರ ಕಡೆಗೆ ಅಷ್ಟೇ ದಪ್ಪದ ಗಟ್ಟಿಯಾದ ಮಾಮೂಲಿ ಫೋಮ್ ಕತ್ತರಿಸಿ ತಂದು ಹಾಕಿದ್ದೇವೆ. ಎರಡೂ ಜಾರದಂತೆ ಮೂಲೆಗಳಿಗೆ ಎಲಾಸ್ಟಿಕ್ ಪಟ್ಟಿ, ಮೇಲೆ ಒಂದೇ ಬೆಡ್‌ಶೀಟ್. ಎತ್ತರ ಮೂರಿಂಚು ಏರಿದ್ದರಿಂದ ಹಳೇ ಫಿಟೆಡ್ ಶೀಟುಗಳು ಮೂಲೆಗೆ ಎಟುಕುವುದಿಲ್ಲ. ಅದಕ್ಕೂ ಸ್ವಲ್ಪ ದುಡ್ಡು ಎತ್ತಿಟ್ಟುಕೊಳ್ಳಿ.