ಉಂಗುರದ ಒಳಗಡೆ ಏನು ಬರೆಸೋದು?

ಪ್ರಶ್ನೆ: ನಮಸ್ತೆ ಅಕ್ಕ, ಇನ್ನೇನು ಸ್ವಲ್ಪ ದಿನದಲ್ಲಿ ನನ್ನ ಮದುವೆ. ಇಬ್ಬರ ಉಂಗುರದ ಒಳಗಡೆನೂ ಏನಾದ್ರೂ ಕೆತ್ತಿಸೋಣ ಅಂತ ಆಸೆ. ಅವರು ಹೆಸರು, ತಾರೀಖು ಹಾಕಿಸಿದ್ರೆ ಸಾಕು ಅಂತಾರೆ, ನನಗೆ ಅದು ಐಡಿ ಕಾರ್ಡ್ ಥರ ಅನ್ಸುತ್ತೆ. ನೆಟ್‌ನಲ್ಲಿ ಹುಡುಕಿದ್ರೆ ಎಲ್ಲಾ ಕಡೆ ಅವೇ ಸಾಲುಗಳು. ಕನ್ನಡದಲ್ಲೇ ಒಂದು ಪೂರ್ತಿ ಸಾಲು ಬರೆಸೋಕೆ ಆಗುತ್ತಾ?

ಉತ್ತರ: ಆಗುತ್ತಮ್ಮ, ಆದ್ರೆ ಮೊದಲು ಜಾಗ ಎಷ್ಟಿದೆ ನೋಡ್ಕೊ. ಒಳಗಿನ ಅಡ್ಡಳತೆ 17 ಮಿಲಿಮೀಟರ್ ಇದ್ರೆ ಸುತ್ತಳತೆ 53 ಮಿಲಿಮೀಟರ್ ಆಸುಪಾಸು, ಅದರಲ್ಲೂ ಹಾಲ್‌ಮಾರ್ಕ್ ಗುರುತಿಗೆ ಒಂದಿಷ್ಟು ಹೋಗುತ್ತೆ. ಅದಕ್ಕಿಂತ ದೊಡ್ಡ ತಲೆನೋವು ಉಂಗುರದ ಅಗಲ. ಇಂಗ್ಲಿಷ್ ಕ್ಯಾಪಿಟಲ್ ಅಕ್ಷರ ಎಲ್ಲಾ ಒಂದೇ ಎತ್ತರದಲ್ಲಿ ಕೂರುತ್ತೆ, ನಮ್ಮದು ಮೇಲೆ ಗುಡಿಸು ಕೆಳಗೆ ಒತ್ತು ಅಂತ ಎರಡೂ ಕಡೆ ಜಾಗ ಕೇಳುತ್ತೆ, 2 ಮಿಲಿಮೀಟರ್ ಅಗಲದ ಉಂಗುರದಲ್ಲಿ ‘ಪ್ರೀತಿ’ ಅಂತ ಬರೆಸಿದ್ರೆ ಪ ಕೆಳಗಿನ ರ ಒತ್ತು ಬರೀ ಗೀರಿನ ಥರ ಕಾಣೋ ಚಾನ್ಸೇ ಜಾಸ್ತಿ. ಅದಕ್ಕೇ ಒತ್ತಕ್ಷರ ಕಮ್ಮಿ ಇರೋ ಪದ ಹುಡುಕು, ಇಲ್ಲಾ ಉಂಗುರನೇ ಸ್ವಲ್ಪ ಅಗಲದ್ದು ತಗೊ.

ಇನ್ನೊಂದು, ಅಂಗಡಿಯವರಿಗೆ ಮೆಸೇಜ್‌ನಲ್ಲಿ ಟೈಪ್ ಮಾಡಿ ಕಳಿಸಬೇಡ. ಕೆತ್ತೋ ಮಷೀನಿನ ಸಾಫ್ಟ್‌ವೇರ್‌ನಲ್ಲಿ ಕನ್ನಡ ಸರಿಯಾಗಿ ಬರದಿದ್ರೆ ಒತ್ತು ಕಳಚಿ ಪಕ್ಕಕ್ಕೆ ಬಂದು ಕೂತಿರುತ್ತೆ, ಕನ್ನಡ ಬಾರದವರಿಗೆ ಅದು ತಪ್ಪು ಅಂತಾನೂ ಗೊತ್ತಾಗಲ್ಲ. ಕಾಗದದ ಮೇಲೆ ಕೈಯಲ್ಲೇ ಬರೆದು ಫೋಟೋ ಕೊಡು, ಲೇಸರ್‌ನಲ್ಲಿ ನಿನ್ನ ಕೈಬರಹನೇ ಹಾಗೇ ಇಳಿಸ್ತಾರೆ. ಕೆತ್ತೋ ಮುಂಚೆ ಸ್ಯಾಂಪಲ್ ತೋರಿಸಿ ಅಂತ ಕೇಳು, ಕೆತ್ತಿದ ಉಂಗುರನ ಸಾಮಾನ್ಯವಾಗಿ ಯಾರೂ ವಾಪಸ್ ತಗೊಳಲ್ಲ.

ಏನು ಬರೆಸೋದು ಅಂದ್ರೆ, ರೆಡಿಮೇಡ್ ಸಾಲು ಅಂತ ಮೂಗು ಮುರಿಯೋದೂ ಬೇಡ. ಇಂಗ್ಲೆಂಡ್‌ನಲ್ಲಿ 16, 17ನೇ ಶತಮಾನದಲ್ಲಿ ಪೋಸಿ ರಿಂಗ್ ಅಂತ ಒಳಗಡೆ ಪುಟ್ಟ ಪ್ರಾಸದ ಸಾಲು ಕೆತ್ತಿಸ್ತಿದ್ರು, ಒಂದೇ ಸಾಲು ಎಷ್ಟೋ ಜನರ ಉಂಗುರದಲ್ಲಿ ಇರ್ತಿತ್ತು. ಆದ್ರೂ ನನ್ನನ್ನ ಕೇಳಿದ್ರೆ, ನಿಮ್ಮಿಬ್ಬರ ಹಳೇ ಚಾಟ್ ತೆಗೆದು ನೋಡು. ದಿನಾ ರಾತ್ರಿ ಅವರು ‘ಮನೆಗೆ ಹೋದೆಯಾ’ ಅಂತ ಕೇಳ್ತಾ ಇದ್ರೆ ಅದನ್ನೇ ಅವರ ಉಂಗುರದಲ್ಲಿ ಹಾಕ್ಸು, ನಿನ್ನದರಲ್ಲಿ ‘ಬಂದೆ’ ಅಂತ. ಎರಡರಲ್ಲೂ ಒಂದು ಒತ್ತೂ ಇಲ್ಲ ನೋಡು! ತಾರೀಖೂ ಪಕ್ಕದಲ್ಲಿ ಇರಲಿ ಬಿಡು, ಅವರ ಮಾತೂ ನಡೀಲಿ, ವರ್ಷವರ್ಷ ಮರೆತುಹೋಯ್ತು ಅಂತ ನೆಪ ಹೇಳೋಕೂ ಆಗಲ್ಲ.

ಪ್ರಶ್ನೆ: ನನ್ನ ಉಂಗುರ ಈಗ ತುಂಬಾ ಬಿಗಿ, ಸೈಜ್ ದೊಡ್ಡದು ಮಾಡಿಸಿದ್ರೆ ಒಳಗಿನ ಬರಹ ಅಳಿಸಿ ಹೋಗುತ್ತಾ?

ಉತ್ತರ: ಎಲ್ಲಿ ಕತ್ತರಿಸ್ತಾರೆ ಅನ್ನೋದರ ಮೇಲಿದೆ. ಸಾಮಾನ್ಯವಾಗಿ ಕೆಳಭಾಗದಲ್ಲಿ ಕತ್ತರಿಸಿ, ಚಿನ್ನದ ತುಂಡು ಸೇರಿಸಿ ಬೆಸುಗೆ ಹಾಕಿ ಪಾಲಿಶ್ ಮಾಡ್ತಾರೆ, ಅಲ್ಲಿ ಅಕ್ಷರ ಇದ್ರೆ ಹೋಯ್ತು ಅಂತಲೇ ಲೆಕ್ಕ. ಅಕ್ಷರ ಇಲ್ಲದ ಕಡೆ ಕತ್ತರಿಸಿ ಅಂತ ಮೊದಲೇ ಹೇಳಿ, ಕೊಡೋ ಮುಂಚೆ ಒಳಗಡೆದು ಹತ್ತಿರದಿಂದ ಫೋಟೋ ತೆಗೆದಿಟ್ಕೊಳ್ಳಿ, ಅಳಿಸಿದ್ರೆ ಅದೇ ಥರ ಮತ್ತೆ ಕೆತ್ತಿಸಬಹುದು. ಟಂಗ್‌ಸ್ಟನ್ ಕಾರ್ಬೈಡ್ ಅನ್ನೋ ತುಂಬಾ ಗಟ್ಟಿ ವಸ್ತುವಿನ ಉಂಗುರ ಆಗಿದ್ರೆ ಮಾತ್ರ ಸೈಜ್ ಬದಲಾಯಿಸೋಕೆ ಬರಲ್ಲ, ಹೊಸದೇ ಗತಿ.