ಪ್ರಶ್ನೋತ್ತರ: ನಗರದ ಪೊಲೀಸರು, ವಾಷಿಂಗ್ಟನ್ನಿನ ತನಿಖೆ

ಪ್ರಶ್ನೆ: ಅಮೆರಿಕದಲ್ಲಿ ಪೊಲೀಸರು ಆಯಾ ನಗರಾಡಳಿತದ ಕೈಕೆಳಗಿನವರು. ಹಾಗಿದ್ದೂ ಕೇಂದ್ರದ ನ್ಯಾಯ ಇಲಾಖೆ, ಪೊಲೀಸರ ಕೈಯಲ್ಲಿ ಕಪ್ಪು ಜನರು ಸತ್ತ ನಗರಗಳಾದ ಫರ್ಗುಸನ್, ಮಿನಿಯಾಪೊಲಿಸ್‌ಗಳಲ್ಲಿ ತನಿಖೆ ಮಾಡಿತಲ್ಲ, ಆ ಅಧಿಕಾರ ಎಲ್ಲಿಯದು?

ಉತ್ತರ: 1994ರ ಅಪರಾಧ ನಿಯಂತ್ರಣ ಕಾಯ್ದೆಯದು. ಅದರ ಪುಟ್ಟ ಕಲಮೊಂದು ಈಗ ಕೇಂದ್ರ ಕಾನೂನು ಸಂಹಿತೆಯ 12601ನೇ ಸೆಕ್ಷನ್. ಹಳೆಯ ದಾಖಲೆಗಳಲ್ಲಿ ಕಾಣುವ 14141 ಕೂಡ ಇದೇ. ಪೊಲೀಸರು ನಾಗರಿಕರ ಹಕ್ಕುಗಳನ್ನು ಪರಿಪಾಠವಾಗಿ ಮುರಿಯುತ್ತಿದ್ದರೆ ನ್ಯಾಯ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ಸಿವಿಲ್ ದಾವೆ ಹೂಡಬಹುದು. ಕೇಳುವುದು ಸುಧಾರಣೆಯ ಆದೇಶವನ್ನು. ಪರಿಹಾರ ಧನವನ್ನಲ್ಲ, ಜೈಲನ್ನೂ ಅಲ್ಲ.

ಅದಕ್ಕೂ ಮೊದಲು ಈ ದಾರಿಯೇ ಇರಲಿಲ್ಲ. ಫಿಲಡೆಲ್ಫಿಯಾ ಪೊಲೀಸರ ಮೇಲೆ ಕೇಂದ್ರ ಹೂಡಿದ್ದ ದಾವೆಯನ್ನು 1980ರಲ್ಲಿ ಮೇಲ್ಮನವಿ ನ್ಯಾಯಾಲಯ, ಅಂಥ ಅಧಿಕಾರ ಕೊಟ್ಟ ಕಾನೂನಿಲ್ಲ ಎಂದು ತಳ್ಳಿಹಾಕಿತು. ಕಾರಿನ ಹಿಂದೀಪ ಕೆಟ್ಟಿತ್ತೆಂದು ಲಾಸ್ ಏಂಜಲಿಸ್ ಪೊಲೀಸರು ತಡೆದು ಕತ್ತು ಅದುಮಿದ್ದ ವ್ಯಕ್ತಿಯೊಬ್ಬ ಆ ಪದ್ಧತಿಗೆ ತಡೆಯಾಜ್ಞೆ ಕೇಳಿದ. 'ನಿನ್ನ ಕತ್ತನ್ನೇ ಮತ್ತೆ ಅದುಮುತ್ತಾರೆಂಬುದಕ್ಕೆ ಆಧಾರವೇನು?' ಎಂಬರ್ಥದ ಉತ್ತರ 1983ರಲ್ಲಿ ಸುಪ್ರೀಂ ಕೋರ್ಟಿನಿಂದ ಬಂತು. 1991ರಲ್ಲಿ ಕಪ್ಪು ವ್ಯಕ್ತಿ ರಾಡ್ನಿ ಕಿಂಗ್ ಮೇಲೆ ಲಾಸ್ ಏಂಜಲಿಸ್ ಪೊಲೀಸರು ನಡೆಸಿದ ಹಲ್ಲೆಯ ವಿಡಿಯೊ ಬಂದ ಮೇಲಷ್ಟೇ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಅಲುಗಿದ್ದು.

ಪ್ರಶ್ನೆ: ಒಂದು ಗುಂಡೇಟಿನ ಪ್ರಕರಣ ಸಾಕೇ?

ಉತ್ತರ: ಸಾಲದು. ಇಷ್ಟೇ ಸಲ ಆಗಿರಬೇಕೆಂಬ ಲೆಕ್ಕ ಕಾನೂನಿನಲ್ಲಿಲ್ಲ; ಅದು ಇಲಾಖೆಯ ರೂಢಿ ಎಂದು ತೋರಿಸಬೇಕು. ಬಲಪ್ರಯೋಗದ ವರದಿ, ವಿಡಿಯೊ, ದಂಡದ ಚೀಟಿ ಎಲ್ಲವನ್ನೂ ಜಾಲಾಡುತ್ತಾರೆ. ಫರ್ಗುಸನ್ ವರದಿಯನ್ನೇ (2015) ನೋಡಿ: ಜನಸಂಖ್ಯೆಯಲ್ಲಿ ಕಪ್ಪು ಜನರು ಶೇ. 67, ಬಂಧಿತರಲ್ಲಿ ಶೇ. 93. 'ರಸ್ತೆಯಲ್ಲಿ ನಡೆದ ರೀತಿ' ಎಂಬ ವಿಚಿತ್ರ ಅಪರಾಧದಲ್ಲಂತೂ ಶೇ. 95!

ತೊಡಕೊಂದಿದೆ. ದಾವೆಗೆ ಮುನ್ನ ದಾಖಲೆ ತರಿಸಿಕೊಳ್ಳುವ ಸಮನ್ಸ್ ಅಧಿಕಾರವನ್ನು ಈ ಕಲಮು ಕೊಟ್ಟಿಲ್ಲ. ನಗರ ಸತಾಯಿಸಿದರೆ, ಕೇಂದ್ರದ ಅನುದಾನ ಪಡೆದವರಿಗೆ ಅನ್ವಯಿಸುವ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆರನೇ ಅಧ್ಯಾಯವನ್ನು ಹಿಡಿಯಬೇಕು. ಅರಿಜೋನಾದ ಮಾರಿಕೋಪಾ ಕೌಂಟಿಯ ಮೇಲೆ 2010ರಲ್ಲಿ ಹಾಗೆಯೇ ಮಾಡಿದರು.

ಪ್ರಶ್ನೆ: ಹೊಡೆದ ಪೊಲೀಸನಿಗೆ ಶಿಕ್ಷೆ?

ಉತ್ತರ: ಅದು ಬೇರೆ ದಾರಿ, ಕ್ರಿಮಿನಲ್ ಸಂಹಿತೆಯ 242ನೇ ಸೆಕ್ಷನ್. ಹಕ್ಕು ಕಸಿಯುವ ಉದ್ದೇಶವಿತ್ತೆಂದು ಸಾಬೀತಾಗಬೇಕು (ಸುಪ್ರೀಂ ಕೋರ್ಟಿನ 1945ರ ಸ್ಕ್ರೂಸ್ ತೀರ್ಪು). ಹೆಚ್ಚಿನ ಪ್ರಕರಣಗಳು ಬಿದ್ದುಹೋಗುವುದೇ ಇಲ್ಲಿ. ಸಂತ್ರಸ್ತರು ಪರಿಹಾರ ಕೇಳುವುದು 1871ರ ನಾಗರಿಕ ಹಕ್ಕುಗಳ ಕಾಯ್ದೆಯಡಿ.

12601ನ್ನು ಸಾಮಾನ್ಯ ನಾಗರಿಕ ಬಳಸುವಂತಿಲ್ಲ, ಕೀಲಿ ಅಟಾರ್ನಿ ಜನರಲ್ ಕೈಯಲ್ಲೇ. ಸರ್ಕಾರ ಬದಲಾದ ಮೇಲೆ, ಮೇ 2025ರಲ್ಲಿ, ಕೆಂಟಕಿ ರಾಜ್ಯದ ಲೂಯಿವಿಲ್ ನಗರ ಮತ್ತು ಮಿನಿಯಾಪೊಲಿಸ್ ಮೇಲೆ ಇದೇ ಕಲಮಿನಡಿ ಹೂಡಿದ್ದ ದಾವೆಗಳನ್ನು ಕೈಬಿಡಲು ನ್ಯಾಯ ಇಲಾಖೆಯೇ ಮುಂದಾಯಿತು. ಮಿನಿಯಾಪೊಲಿಸ್‌ಗೆ ಮಿನ್ನೆಸೋಟ ರಾಜ್ಯದ ಮಾನವ ಹಕ್ಕು ಇಲಾಖೆಯೊಂದಿಗೆ ಪೊಲೀಸ್ ಸುಧಾರಣೆಯ ಪ್ರತ್ಯೇಕ ಒಪ್ಪಂದವಿತ್ತು. ಅದಕ್ಕೆ ವಾಷಿಂಗ್ಟನ್ನಿನ ಹಂಗಿಲ್ಲ.